ಸಾಹೇಬರು ಕಾಲುವೆಯಲ್ಲಿ ಈಜುವುದಿಲ್ಲ

ಮೊನ್ನೆ ಮೈಸೂರಿನ ಹುಡುಗಿಯೊಬ್ಬಳು ನೆದರ್ಲೆಂಡ್ಸಿನ ಜೂಟರ್‌ಮೀರ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಇಲ್ಲಿಯ ಕಂಪನಿಯೊಂದರ ಪತ್ರಿಕಾ ವಿಭಾಗದಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿದೆ. ನಮ್ಮವರಲ್ಲಿ ಆ ಕೆಲಸಕ್ಕೆ ಹೋಗುವವರು ಕಡಿಮೆ. ವೆಲ್ಡ್‌ಹೋವನ್‌ನಲ್ಲಿ ಚಿಪ್ ಯಂತ್ರ ಮಾಡುವ ಎಂಜಿನಿಯರುಗಳ ನಡುವೆ ಹಬ್ಬದೂಟಕ್ಕೆ ಕುಳಿತಾಗ ನನ್ನನ್ನು "ನೀವೇನ್ ಮಾಡ್ತೀರಿ?" ಎಂದು ಕೇಳುತ್ತಿದ್ದರು. "ಕಂಪನಿ ಪರವಾಗಿ ಮಾತಾಡ್ತೇನೆ" ಎನ್ನುತ್ತಿದ್ದೆ. "ಅದು ಸರಿ ಆಂಟಿ, ಕೆಲಸ ಏನು?" ಎಂದು ಮತ್ತೆ ಕೇಳುತ್ತಿದ್ದರು.

ಈ ಹುಡುಗಿ ಮಾತ್ರ ಹಾಗೆ ಕೇಳಲಿಲ್ಲ. ಸಾರನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತ, "ಆಂಟಿ, ಟ್ರೈನಿಂಗಲ್ಲಿ ಬರೀ ಸ್ಲೈಡ್ಸ್ ತೋರಿಸಿದ್ರು. ಆಕ್ಚುಯಲಿ ಹೇಗಿರತ್ತೆ ಈ ಜಾಬು?" ಎಂದಳು. ನಿವೃತ್ತಳಾದವಳಿಗೆ ಇಂಥ ಪ್ರಶ್ನೆ ಕೇಳಬಾರದು. ನಾನು ಗಂಭೀರವಾಗಿ ಪಾರದರ್ಶಕತೆ, ವಿಶ್ವಾಸಾರ್ಹತೆ ಎಂದೆಲ್ಲ ಹೇಳಿದೆ. ಅವಳು ಪಾಪ, ತಲೆಯಾಡಿಸಿದಳು. ಅವಳು ಹೋದ ಮೇಲೆ ನನಗೇ ನಾಚಿಕೆಯಾಯಿತು. ಆ ದಿನ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಸೇರಿದ್ದು ಸೋಪಿನ ಕಂಪನಿ. ಅಂಗಡಿಯಲ್ಲಿ ಬಣ್ಣದ ಕಾಗದ ಸುತ್ತಿ ಇಡುವ ಸೋಪಲ್ಲ. ಆಸ್ಪತ್ರೆ, ಶಾಲೆ, ಹೋಟೆಲುಗಳಿಗೆ ಡ್ರಮ್ಮುಗಟ್ಟಲೆ ಹೋಗುವ ದ್ರವ. ಆಫೀಸು ಜೂಟರ್‌ಮೀರ್‌ನಲ್ಲಿ. ಕಾರ್ಖಾನೆ ಬೇರೊಂದು ಸಣ್ಣ ಊರಿನಲ್ಲಿ, ಕಾಲುವೆಯ ದಂಡೆಯ ಮೇಲೆ. ಉಡುಪಿಯಿಂದ ಗಂಡ ಸದಾನಂದರ ಜೊತೆ ಬಂದು, ಡಚ್ ಕಲಿತು, ಆ ಆಫೀಸಿನಲ್ಲಿ ಫೋನ್ ಎತ್ತುವವಳಾಗಿ ಸೇರಿದೆ. ಅಲ್ಲಿಂದ ವಕ್ತಾರೆ ಹೇಗಾದೆ ಎಂಬುದು ನನಗೆ ಬಿಟ್ಟರೆ ಯಾರಿಗೂ ಮುಖ್ಯವಲ್ಲ. ಆಗಿನ ಕಾಲಕ್ಕೆ ಪತ್ರಿಕಾ ಪ್ರಕಟಣೆ ಫ್ಯಾಕ್ಸಿನಲ್ಲಿ ಹೋಗುತ್ತಿತ್ತು. ಯಂತ್ರ ಕಾಗದ ನುಂಗುವಷ್ಟು ಹೊತ್ತು ನಮಗೆ ಮನಸ್ಸು ಬದಲಿಸಲು ಅವಕಾಶವಿತ್ತು. ಇಮೇಲ್ ಬಂದ ಮೇಲೆ ಆ ಭಾಗ್ಯವೂ ಹೋಯಿತು.

ನನ್ನ ಮೇಲಧಿಕಾರಿಯ ಹೆಸರು ರೂಡ್. ಆರಡಿ ಮೀರಿದ ಎತ್ತರ, ಅಷ್ಟೇ ಉದ್ದದ ತಾಳ್ಮೆ. ಅವರು ಯಾವ ಮಾತನ್ನೂ 'ಇನ್ ಪ್ರಿನ್ಸಿಪೆ' ಎಂಬುದಿಲ್ಲದೆ ಆರಂಭಿಸುತ್ತಿರಲಿಲ್ಲ. 'ತಾತ್ವಿಕವಾಗಿ' ಎಂದು ಅದರ ಅರ್ಥ. ಡಚ್ಚರು ತಾತ್ವಿಕವಾಗಿ ಹೌದು ಎಂದರೆ ಅಲ್ಲ ಎಂದು ತಿಳಿಯಬೇಕು. ತಾತ್ವಿಕವಾಗಿ ಅಲ್ಲ ಎಂದರೆ ಇನ್ನೊಂದು ಸಲ ಕೇಳಿ ನೋಡಬೇಕು. ನಾನು ವಕ್ತಾರೆಯಾದ ಹೊಸತರಲ್ಲಿ ಕಾರ್ಖಾನೆಯ ಬಗ್ಗೆ ಯಾರೋ ದೂರಿದಾಗ, ಪತ್ರಕರ್ತರಿಗೆ "ಈ ವಿಷಯದಲ್ಲಿ ನಮ್ಮ ಕೈಗಳು ಸ್ವಚ್ಛವಾಗಿವೆ" ಎಂದು ಬಿಟ್ಟಿದ್ದೆ. ಮರುದಿನದ ಶೀರ್ಷಿಕೆ: 'ಕೈ ಸ್ವಚ್ಛ, ಸೋಪಿನ ಕಂಪನಿ ಹೇಳಿಕೆ.' ಪಕ್ಕದಲ್ಲಿ ನೊರೆ ತುಂಬಿದ ಕಾಲುವೆಯ ಚಿತ್ರ. ರೂಡ್ ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, "ತಾತ್ವಿಕವಾಗಿ ಒಳ್ಳೆಯ ವಾಕ್ಯ" ಎಂದು ಹೊರಟುಹೋದರು. ಬೈಗುಳ ಅಷ್ಟೇ.

ನೊರೆಯ ವಿಷಯಕ್ಕೆ ಬರಬೇಕು. ಕಾರ್ಖಾನೆಯಲ್ಲಿ ತೊಟ್ಟಿಗಳನ್ನು ತೊಳೆದ ನೀರು ಒಂದು ಕೊಳವೆಯ ಮೂಲಕ ಕಾಲುವೆಗೆ ಹೋಗುತ್ತಿತ್ತು. ಅದಕ್ಕೆ ಪರವಾನಗಿ ಇತ್ತು, ಹಳೆಯದು. ಗಾಳಿ ಬೀಸಿದ ದಿನ ನೊರೆ ಎದ್ದು ದಂಡೆಯ ಬಾತುಕೋಳಿಗಳ ಕತ್ತಿನವರೆಗೂ ಬರುತ್ತಿತ್ತು. ಕೊಳವೆಯಿಂದ ಸ್ವಲ್ಪ ಕೆಳಗೆ ದೋಣಿಮನೆಯೊಂದರಲ್ಲಿ ಮಾರ್ಯೋಲೈನ್ ಎಂಬಾಕೆ ವಾಸವಿದ್ದಳು. ಶಾಲಾ ಪಠ್ಯಪುಸ್ತಕಗಳ ಕರಡು ತಿದ್ದುವುದು ಅವಳ ವೃತ್ತಿ. ಪರಿಸರ ಹೋರಾಟ ಅವಳ ಉಳಿದ ಬದುಕು. ಗಾಳಿ ಬೀಸಿದಾಗಲೆಲ್ಲ ನನಗೆ ಫೋನ್ ಮಾಡುತ್ತಿದ್ದಳು.

"ಶುಭ ಮುಂಜಾನೆ. ಇವತ್ತು ನೊರೆ ನನ್ನ ಕಿಟಕಿ ಮುಟ್ಟಿದೆ. ಕಂಪನಿ ಏನು ಹೇಳುತ್ತದೆ?"

"ನಿಮ್ಮ ಸೂಚನೆಯನ್ನು ನಾವು ಗಂಭೀರವಾಗಿ ಪರಿಗಣಿಸುತ್ತೇವೆ."

"ಅದನ್ನು ಕಳೆದ ಸಲವೂ ಹೇಳಿದಿರಿ. ಮತ್ತೆ ನೀವು ಅಲ್ಲಿ 'ದೆ' ಎಂದಿರಿ, ಅಲ್ಲಿ 'ಹೆಟ್' ಆಗಬೇಕು."

ಡಚ್ ಕಲಿತವರಿಗೆ ಈ ಗೋಳು ಗೊತ್ತು. ಪ್ರತಿ ನಾಮಪದದ ಮುಂದೆಯೂ 'ದೆ' ಅಥವಾ 'ಹೆಟ್' ಬರಬೇಕು. ಯಾವುದಕ್ಕೆ ಯಾವುದು ಎಂದು ಹೇಳುವ ನಿಯಮ ದೇವರಿಗೂ ಗೊತ್ತಿಲ್ಲ. ವರ್ಷಗಟ್ಟಲೆ ಅವಳು ದೂರು ಕೊಟ್ಟಳು, ನಾನು ಗಂಭೀರವಾಗಿ ಪರಿಗಣಿಸಿದೆ, ಕಾಲುವೆ ಹಾಗೆಯೇ ಇತ್ತು, ನನ್ನ ಡಚ್ ಮಾತ್ರ ಸುಧಾರಿಸಿತು. ಇಬ್ಬರೂ ಮುಖ ನೋಡಿರಲಿಲ್ಲ. ಆದರೂ ಅವಳಿಗೆ ನೆಗಡಿಯಾದರೆ ನನಗೆ ತಿಳಿಯುತ್ತಿತ್ತು.

ಆಮೇಲೆ ಕೊರೋನಾ ಬಂತು. ಜಗತ್ತಿನ ವ್ಯಾಪಾರವೆಲ್ಲ ಮಲಗಿದಾಗ ನಮ್ಮದು ಎದ್ದು ಕುಳಿತಿತು. ಕೈ ತೊಳೆಯಿರಿ ಎಂದು ಸರ್ಕಾರಗಳೇ ನಮ್ಮ ಜಾಹೀರಾತು ಮಾಡುತ್ತಿದ್ದವು. ಕಾರ್ಖಾನೆ ಬಿಡುವಿಲ್ಲದೆ ನಡೆಯಿತು, ನೊರೆಯೂ ಹೆಚ್ಚಿತು. ನಾವೆಲ್ಲ ಮನೆಯಿಂದ ಕೆಲಸ. ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪು. ಅದರ ಹಿಂದೆ ಸದಾನಂದರ ಮಿಕ್ಸಿ. ಅವರು ಆಗಷ್ಟೇ ನಿವೃತ್ತರಾಗಿ ನೀರುದೋಸೆಯಲ್ಲಿ ಸಂಶೋಧನೆ ಆರಂಭಿಸಿದ್ದರು. ಮಗಳು ಶ್ರಾವ್ಯಾ ನೈಮೆಗನ್‌ನ ವಿಶ್ವವಿದ್ಯಾಲಯದಲ್ಲಿದ್ದವಳು, ಲಾಕ್‌ಡೌನ್ ಎಂದು ಮನೆಗೆ ಬಂದು ಮೇಲಿನ ಕೋಣೆ ಹಿಡಿದಿದ್ದಳು.

ಒಂದು ಬೆಳಿಗ್ಗೆ ಪ್ರಾದೇಶಿಕ ಪತ್ರಿಕೆಯ ವರದಿಗಾರ ಯೂಪ್ ಫೋನ್ ಮಾಡಿದ. "ಅಭಿನಂದನೆಗಳು, ಮೇಡಂ! ನಿಮ್ಮ ನಿರ್ದೇಶಕರು ಈಜುವುದು ಯಾವ ದಿನ? ನಾವು ಫೋಟೋಗ್ರಾಫರ್ ಕಳಿಸುತ್ತೇವೆ."

"ಎಲ್ಲಿ ಈಜುವುದು?"

"ಕಾಲುವೆಯಲ್ಲಿ. ನೀವೇ ಕಳಿಸಿದ್ದೀರಲ್ಲ."

ಇಮೇಲ್ ತೆರೆದು ನೋಡಿದೆ. ನಮ್ಮ ಲಾಂಛನ, ನಮ್ಮ ಅಕ್ಷರ, ನಮ್ಮ ಅಂಚು. ಮಹಾಮಾರಿಯ ಕಾಲದಲ್ಲಿ ಜನ ತೋರಿದ ವಿಶ್ವಾಸಕ್ಕೆ ಕೃತಜ್ಞತೆಯಾಗಿ ಕಂಪನಿಯು ಕಾಲುವೆಗೆ ತೊಳೆನೀರು ಬಿಡುವುದನ್ನು ಈ ವರ್ಷವೇ ನಿಲ್ಲಿಸಲಿದೆ, ಇಷ್ಟು ಕಾಲ ತಡಮಾಡಿದ್ದಕ್ಕೆ ಕ್ಷಮೆ ಕೋರುತ್ತದೆ, ಶುದ್ಧೀಕರಣ ಮುಗಿದ ದಿನ ನಿರ್ದೇಶಕರು ಖುದ್ದಾಗಿ ಕಾಲುವೆಯಲ್ಲಿ ಈಜಲಿದ್ದಾರೆ ಎಂದು ಬರೆದಿತ್ತು. ಎಷ್ಟು ಚೆನ್ನಾಗಿ ಬರೆದಿತ್ತೆಂದರೆ ಅರೆಕ್ಷಣ ನನಗೂ ಸಂತೋಷವಾಯಿತು. ಕೊನೆಗೆ 'ಹೆಚ್ಚಿನ ಮಾಹಿತಿಗೆ' ಎಂಬಲ್ಲಿ ಕಣ್ಣು ಹೋಯಿತು. ಅಲ್ಲಿ ನನ್ನ ಹೆಸರಿತ್ತು. ವಾರಿಜಾ ಎಂದು ಸರಿಯಾಗಿಯೇ ಬರೆದಿದ್ದರು. ಕೆಳಗೆ ನನ್ನ ಫೋನ್ ನಂಬರು.

ಆಮೇಲೆ ಫೋನ್ ನಿಲ್ಲಲಿಲ್ಲ. ರೇಡಿಯೋದವರು, ಪುರಸಭೆಯ ಸದಸ್ಯರು, ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಾರ್ಖಾನೆಯಲ್ಲಿ ಕಾರ್ಮಿಕರು ಚಪ್ಪಾಳೆ ತಟ್ಟಿದರಂತೆ. ನಿರ್ದೇಶಕರ ವಯಸ್ಸಾದ ತಾಯಿ ಮಗನಿಗೆ ಫೋನ್ ಮಾಡಿ, ಈಜುವ ಮೊದಲು ಹೊಟ್ಟೆ ತುಂಬ ತಿನ್ನಬೇಡ ಎಂದರಂತೆ. ಷೇರು ಬೆಲೆ ಏರಿತು.

ರೂಡ್ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡರು. ಹಿಂದೆ ಪುಸ್ತಕದ ಕಪಾಟು, ಮುಂದೆ ಬಿಳಿಚಿದ ಮುಖ. "ವಾರಿಜಾ, ತಾತ್ವಿಕವಾಗಿ ಕೇಳುತ್ತಿದ್ದೇನೆ. ಇದನ್ನು ನೀನು ಬರೆದೆಯಾ?"

"ರೂಡ್, ಇದರಲ್ಲಿ ಒಂದು ದೆ-ಹೆಟ್ ಕೂಡ ತಪ್ಪಿಲ್ಲ. ನಾನು ಬರೆದರೆ ಹೀಗಿರುತ್ತಾ?"

ಅವರು ಇನ್ನೊಮ್ಮೆ ಓದಿದರು. "ಅದೂ ನಿಜ" ಎಂದರು. ಆದರೆ ಮುಖದ ಬಣ್ಣ ಮರಳಲಿಲ್ಲ.

ಈಗ ನಿರಾಕರಣೆ ಬರೆಯಬೇಕಿತ್ತು. ಹುಡುಗಿ, ಕೇಳು: ಕೆಟ್ಟ ಸುದ್ದಿಯನ್ನು ನಿರಾಕರಿಸುವುದು ಸುಲಭ. ಒಳ್ಳೆಯ ಸುದ್ದಿಯನ್ನು ನಿರಾಕರಿಸುವ ವಾಕ್ಯವನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. 'ನಾವು ಕಾಲುವೆಯನ್ನು ಸ್ವಚ್ಛಗೊಳಿಸುವುದಿಲ್ಲ' ಎಂದು ಬರೆದು ಅಳಿಸಿದೆ. 'ಸ್ವಚ್ಛಗೊಳಿಸುವ ಯೋಜನೆ ಸದ್ಯಕ್ಕಿಲ್ಲ' ಎಂದು ಬರೆದು ಅದನ್ನೂ ಅಳಿಸಿದೆ. ಸದಾನಂದರು ಸೌಟು ಹಿಡಿದು ಹಿಂದಿನಿಂದ ಓದಿದರು.

"ಎಂತ ಮಾರಾಯ್ತಿ ಇದು? ಇದನ್ನು ಓದಿದ ಮೇಲೆ ಯಾರು ತಗೊಳ್ತಾರೆ ನಿಮ್ಮ ಸೋಪು?"

"ಹಾಗಾದ್ರೆ ನೀವೇ ಬರೀರಿ."

"ನನಗೆ ದೋಸೆ ಉಂಟು" ಎಂದು ಹೋದರು.

ಕೊನೆಗೆ ಕಳಿಸಿದ್ದರಲ್ಲಿ 'ಪ್ರಕಟಣೆ ನಮ್ಮದಲ್ಲ, ಅದರಲ್ಲಿರುವ ಯಾವುದೂ ನಿಜವಲ್ಲ' ಎಂದಿತ್ತು. ಷೇರು ಇಳಿಯಿತು, ಮೊದಲಿಗಿಂತಲೂ ಕೆಳಗೆ. ಅದೇ ಸಂಜೆ ಮಾರ್ಯೋಲೈನ್ ತನ್ನ ಜಾಲತಾಣದಲ್ಲಿ ತನ್ನದೇ ಹೆಸರು ಹಾಕಿ, "ಪ್ರಕಟಣೆ ಬರೆದವಳು ನಾನು. ಒಂದು ಬೆಳಗಿನ ಮಟ್ಟಿಗೆ ಎಲ್ಲರಿಗೂ ಸಂತೋಷವಾಯಿತಲ್ಲ, ಅದನ್ನು ಕಂಪನಿ ನಿಜ ಮಾಡಬಹುದಿತ್ತು" ಎಂದು ಬರೆದಳು.

ಕಳ್ಳ ತಾನೇ ಬಂದು ಒಪ್ಪಿಕೊಂಡ ಮೇಲೆ ವಿಷಯ ಮುಗಿಯಿತೆಂದು ನಾನು ತಿಳಿದಿದ್ದೆ. ಮುಗಿಯಲಿಲ್ಲ. ಒಳಗಿನವರ ಸಹಾಯವಿಲ್ಲದೆ ಇಷ್ಟು ತದ್ರೂಪವಾಗಿ ಯಾರೂ ಬರೆಯಲಾರರು ಎಂದು ಮೇಲಿನವರು ತೀರ್ಮಾನಿಸಿದರು. ಸಿಬ್ಬಂದಿ ವಿಭಾಗದ ಇಬ್ಬರು, ಕಂಪನಿಯ ವಕೀಲರು, ರೂಡ್, ನಾಲ್ವರೂ ಪರದೆಯ ನಾಲ್ಕು ಚೌಕಗಳಲ್ಲಿ ಕುಳಿತು ನನ್ನನ್ನು ವಿಚಾರಿಸಿದರು. ಆಕೆ ಕಂಪನಿಯಲ್ಲಿ ಮಾತಾಡುತ್ತಿದ್ದುದು ನನ್ನೊಬ್ಬಳ ಜೊತೆ ಮಾತ್ರ, ಅದೂ ವರ್ಷಗಟ್ಟಲೆ. "ನಿಮ್ಮ ಸಂಬಂಧ ಎಂಥದು?" ಎಂದು ವಕೀಲರು ಕೇಳಿದರು.

"ಅವರು ದೂರು ಕೊಡ್ತಾರೆ, ನಾನು ಕೇಳ್ತೇನೆ."

"ಕೇಳಿ?"

"ಗಂಭೀರವಾಗಿ ಪರಿಗಣಿಸ್ತೇನೆ."

ಯಾರೂ ನಗಲಿಲ್ಲ. ಸಿಬ್ಬಂದಿ ವಿಭಾಗದ ಹೆಣ್ಣುಮಗಳು ಒಂದು ಹಾಳೆ ಓದಿದಳು: ತನಿಖೆ ಮುಗಿಯುವವರೆಗೆ ನನ್ನನ್ನು ಕೆಲಸದಿಂದ ದೂರ ಇಡಲಾಗಿದೆ, ನಾನು ಮನೆಯಲ್ಲಿಯೇ ಇರಬೇಕು.

"ನಾನು ಮನೆಯಲ್ಲಿಯೇ ಇದ್ದೇನಲ್ಲ" ಎಂದೆ.

"ಹೌದು, ಆದರೆ ಈಗ ಅಧಿಕೃತವಾಗಿ" ಎಂದಳು.

ಲ್ಯಾಪ್‌ಟಾಪ್ ಒಯ್ಯಲು ಮಾಸ್ಕು ಹಾಕಿದ ಒಬ್ಬ ಬಂದ. ನಾನು ಅದನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದೆ, ಅವನು ಮುಂದೆ ಬಂದು ಎತ್ತಿಕೊಂಡ. ಎದುರುಮನೆಯ ಅಜ್ಜಿ ಕಿಟಕಿಯಿಂದ ಕೈಬೀಸಿದಳು. ಇದನ್ನೆಲ್ಲ ಈಗ ನಗುತ್ತ ಬರೆಯುತ್ತೇನೆ, ಆಗ ನಗು ಬರಲಿಲ್ಲ. ಖಾಲಿ ಊಟದ ಮೇಜಿನ ಮುಂದೆ ಕುಳಿತರೆ ಕೈ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಊರಿನಿಂದ ಅಕ್ಕ ಫೋನ್ ಮಾಡಿ "ಕೆಲಸ ಜೋರಾ?" ಎಂದಾಗ "ಜೋರು" ಎಂದೆ. ಮಗಳ ಮುಂದೆ ಅಳಬಾರದೆಂದು ಸ್ನಾನದ ಕೋಣೆಗೆ ಹೋಗುತ್ತಿದ್ದೆ. ಅವಳಿಗೆ ಎಲ್ಲ ಗೊತ್ತಿತ್ತು.

"ಅಮ್ಮಾ, ಯು ಶುಡ್ ಗೆಟ್ ಎ ಲಾಯರ್. ದಿಸ್ ಈಸ್ ನಾಟ್ ಓಕೆ" ಎಂದು ಬಾಗಿಲಿನ ಹೊರಗಿನಿಂದ ಹೇಳಿದಳು.

ಸದಾನಂದರು ಬೇರೆ ಬಗೆ. "ಅವಳಿಗೆ ನಿನ್ನ ಹೆಸರೇ ಬೇಕಿತ್ತಾ? ಇಷ್ಟು ದೊಡ್ಡ ಕಂಪನಿಯಲ್ಲಿ ಬೇರೆ ಹೆಸರಿಲ್ವಾ?" ಎಂದು ದೋಸೆಯ ಕಾವಲಿಯ ಮೇಲೆ ಸಿಟ್ಟು ತೀರಿಸಿಕೊಂಡರು. ನನ್ನ ಸಿಟ್ಟೂ ಅದೇ. ವರ್ಷಗಟ್ಟಲೆ ಅವಳ ನೊರೆ, ಅವಳ ನೆಗಡಿ ಎಲ್ಲವನ್ನೂ ಕೇಳಿದವಳು ನಾನು. ಅವಳು ಕೆಸರಿಗೆ ತಳ್ಳಿದ್ದೂ ನನ್ನನ್ನೇ. ಫೋನ್ ಮಾಡಿ ನಾಲ್ಕು ಮಾತು ಅನ್ನಬೇಕೆನಿಸಿತು. ಆಕೆಯನ್ನು ಸಂಪರ್ಕಿಸಬಾರದೆಂದು ಹಾಳೆಯಲ್ಲಿ ಬರೆದಿತ್ತು.

ಕಂಪನಿ ತುರ್ತು ವಿಚಾರಣೆಗೆ ಹೋಯಿತು. ಅದನ್ನು ಇಲ್ಲಿ 'ಕೊರ್ಟ್ ಖೆದಿಂಗ್' ಎನ್ನುತ್ತಾರೆ. ಕೊರ್ಟ್ ಎಂದರೆ ಡಚ್‌ನಲ್ಲಿ ಚಿಕ್ಕದು. ನಮ್ಮ ಕೋರ್ಟಿಗೂ ಇದಕ್ಕೂ ಅಷ್ಟೇ ವ್ಯತ್ಯಾಸ. ಜೊತೆಗೆ ಖೋಟಾ ದಾಖಲೆಯೆಂದು ಪೊಲೀಸರಿಗೂ ದೂರು ಕೊಟ್ಟರು. ವಕೀಲರು ನನಗೆ ಫೋನ್ ಮಾಡಿ, "ನೀವೂ ಹೇಗ್‌ನ ನ್ಯಾಯಾಲಯಕ್ಕೆ ಬನ್ನಿ. ಒಳಗಿನವರ ಪ್ರಶ್ನೆ ಬಂದರೆ ನಿಮ್ಮನ್ನು ತೋರಿಸಬೇಕಾಗಬಹುದು" ಎಂದರು. ತೋರಿಸುವುದೆಂದರೆ ಸಾಕ್ಷಿಯಾಗಿಯೋ ಕದ್ದ ಮಾಲಾಗಿಯೋ ಎಂದು ನಾನು ಕೇಳಲಿಲ್ಲ.

ನ್ಯಾಯಾಲಯದಲ್ಲಿ ಕುರ್ಚಿಗೊಂದು ಪ್ಲಾಸ್ಟಿಕ್ ಗೋಡೆ. ಅದರಾಚೆ ಮಾರ್ಯೋಲೈನಳನ್ನು ಮೊದಲ ಸಲ ನೋಡಿದೆ. ಧ್ವನಿಯಿಂದ ನಾನು ಎತ್ತರದ ಗಟ್ಟಿಗಿತ್ತಿಯನ್ನು ಕಲ್ಪಿಸಿಕೊಂಡಿದ್ದೆ. ಅಲ್ಲಿದ್ದವಳು ಗಿಡ್ಡ ಹೆಂಗಸು. ಸೈಕಲ್ಲಿನಲ್ಲಿ ಬಂದಿದ್ದಳೇನೋ, ಮಳೆಯ ಪ್ಯಾಂಟು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಕನ್ನಡಕಕ್ಕೆ ದಾರ ಕಟ್ಟಿತ್ತು.

ನಮ್ಮ ವಕೀಲರು ಷೇರಿನ ನಷ್ಟವನ್ನು ಬಹಳ ಹೊತ್ತು ವಿವರಿಸಿದರು. ನ್ಯಾಯಾಧೀಶರು ವಯಸ್ಸಾದವರು, ನಿಧಾನಿ.

"ನನಗೆ ಅರ್ಥವಾಗಲಿ. ಸುಳ್ಳು ಸುದ್ದಿ ಬಂದಾಗ ಬೆಲೆ ಏರಿತು?"

"ಹೌದು."

"ನೀವು ನಿಜ ಹೇಳಿದಾಗ ಇಳಿಯಿತು?"

"ಹೌದು."

"ಅಂದರೆ ನಿಮಗೆ ನಷ್ಟವಾದದ್ದು ಇವರ ಸುಳ್ಳಿನಿಂದಲೋ, ನಿಮ್ಮ ನಿಜದಿಂದಲೋ?"

ನಮ್ಮ ವಕೀಲರು ಮಾಸ್ಕು ಸರಿಮಾಡಿಕೊಂಡರು. "ಇವರ ಸುಳ್ಳಿನಿಂದಾಗಿ ಹೇಳಲೇಬೇಕಾಗಿ ಬಂದ ನಿಜದಿಂದ" ಎಂದರು. ನ್ಯಾಯಾಧೀಶರು ಅದನ್ನು ಬರೆದುಕೊಂಡರು. ರೂಡ್ ಮೇಲ್ಚಾವಣಿ ನೋಡುತ್ತಿದ್ದರು.

ಆಮೇಲೆ ಒಳಗಿನವರ ಪ್ರಶ್ನೆ ಬಂತು. ವಕೀಲರು ನನ್ನತ್ತ ಕೈ ತೋರಿಸಿ, ಪ್ರಕಟಣೆಯಲ್ಲಿ ಹೆಸರಿದ್ದ ಉದ್ಯೋಗಿ ಇಲ್ಲಿಯೇ ಇದ್ದಾರೆ, ಸದ್ಯ ಅವರನ್ನು ಕೆಲಸದಿಂದ ದೂರ ಇಟ್ಟಿದ್ದೇವೆ, ಪ್ರತಿವಾದಿಗೆ ಸಹಾಯ ಮಾಡಿದ್ದು ಯಾರು ಎಂದು ಹೇಳಲಿ ಎಂದರು. ಮಾರ್ಯೋಲೈನ್ ತಟ್ಟನೆ ತಿರುಗಿ ನನ್ನನ್ನು ನೋಡಿದಳು. ನನ್ನನ್ನು ಮನೆಗೆ ಕಳಿಸಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಅವಳು ಏಳಲು ಹೋದಳು. ಅವಳ ವಕೀಲ, ಕಿರಿಯ ಮನುಷ್ಯ, ತೋಳು ಹಿಡಿದು ಎಳೆದ. ಪೊಲೀಸ್ ಪ್ರಕರಣ ಬಾಕಿಯಿದೆ, ಇಲ್ಲಿ ಆಡಿದ್ದೆಲ್ಲ ಅಲ್ಲಿ ತಿರುಗುಬಾಣವಾಗುತ್ತದೆ. ಅವಳು ಉತ್ತರಿಸಬೇಕಾಗಿಲ್ಲ ಎಂದು ನ್ಯಾಯಾಧೀಶರೂ ಹೇಳಿದರು. ಅವಳು ಎದ್ದೇ ನಿಂತಳು.

"ಯಾರೂ ಸಹಾಯ ಮಾಡಿಲ್ಲ. ಅವರ ಹಳೆಯ ಪ್ರಕಟಣೆಗಳೆಲ್ಲ ಅವರ ಜಾಲತಾಣದಲ್ಲಿಯೇ ಇವೆ, ಓದಿದೆ. ಇನ್ನೊಬ್ಬರ ಶೈಲಿ ಹಿಡಿಯುವುದು ನನ್ನ ಹೊಟ್ಟೆಪಾಡು. ಪ್ರಕಟಣೆ ಎಂದ ಮೇಲೆ ಕೆಳಗೆ ಒಂದು ಹೆಸರು ಬೇಕು. ಆ ಕಂಪನಿಯಲ್ಲಿ ಫೋನ್ ಎತ್ತುವವರು ಅಂತ ನನಗೆ ಗೊತ್ತಿದ್ದದ್ದು ಇವರೊಬ್ಬರೇ. ಕೇಳದೆ ಹಾಕಿದೆ. ಇವರಿಗೆ ಏನೂ ಗೊತ್ತಿರಲಿಲ್ಲ."

ಅವಳ ವಕೀಲ ಕಣ್ಣು ಮುಚ್ಚಿಕೊಂಡ. ನಮ್ಮ ವಕೀಲರ ಪೆನ್ನು ಓಡುತ್ತಿತ್ತು. ಕಾಲ್ಪನಿಕ ಹೆಸರಾಗಿದ್ದರೆ ಅದು ಅಣಕ, ನಿಜವಾದ ವ್ಯಕ್ತಿಯ ಹೆಸರನ್ನು ತಿಳಿದೂ ತಿಳಿದೂ ಬಳಸಿದರೆ ಅದು ಬೇರೆಯೇ ಅಪರಾಧ ಎಂದು ಆಮೇಲೆ ನನಗೆ ತಿಳಿಯಿತು. ನನ್ನನ್ನು ಬಿಡಿಸಲು ಅವಳು ತನ್ನ ಕಾಲಿಗೆ ತಾನೇ ಹಗ್ಗ ಹಾಕಿಕೊಂಡಿದ್ದಳು. ನನ್ನ ಸಿಟ್ಟು ಪೂರ್ತಿ ಹೋಯಿತು ಎನ್ನಲಾರೆ, ಆದರೆ ಅದನ್ನು ಎಲ್ಲಿಡಬೇಕೆಂದು ತಿಳಿಯದಾಯಿತು.

ತೀರ್ಪು ನಮ್ಮ ಪರವಾಗಿ ಬಂತು. ಅವಳು ಇನ್ನೆಂದೂ ಕಂಪನಿಯ ಹೆಸರಿನಲ್ಲಿ ಬರೆಯಬಾರದು. ನಷ್ಟದ ಲೆಕ್ಕ ಈ ಚಿಕ್ಕ ವಿಚಾರಣೆಯಲ್ಲಿ ಆಗುವಂಥದಲ್ಲ, ಬೇಕಿದ್ದರೆ ಬೇರೆ ದಾವೆ ಹೂಡಿ. ಆದರೆ ಕಂಪನಿ ಬರೆದುಕೊಟ್ಟ ತಿದ್ದುಪಡಿಯನ್ನು ಆಕೆ ತನ್ನ ಜಾಲತಾಣದ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ, ಒಂದಕ್ಷರವೂ ಬದಲಿಸದೆ ಹಾಕಬೇಕು. ತಿದ್ದುಪಡಿ ಬರೆದವರು ನಮ್ಮ ವಕೀಲರು. ಕಾನೂನು ಓದಿದವರು, ಸಂದೇಹಕ್ಕೆ ಎಡೆಯಿರಬಾರದೆಂದು ಬಿಡಿಬಿಡಿಯಾಗಿ ಬರೆದರು: 'ಕಂಪನಿಯು ಕಾಲುವೆಗೆ ತೊಳೆನೀರು ಬಿಡುವುದನ್ನು ನಿಲ್ಲಿಸುವುದಿಲ್ಲ. ಕಂಪನಿಯು ಕ್ಷಮೆ ಕೋರಿಲ್ಲ. ನಿರ್ದೇಶಕರು ಕಾಲುವೆಯಲ್ಲಿ ಈಜುವುದಿಲ್ಲ.'

ಮಾರ್ಯೋಲೈನ್ ವಿಧೇಯಳಾಗಿ ಹಾಕಿದಳು.

ಖೋಟಾ ಪ್ರಕಟಣೆ ಒಂದು ಪ್ರಾಂತ್ಯದಲ್ಲಿ ಓಡಾಡಿತ್ತು. ಈ ತಿದ್ದುಪಡಿ ದೇಶವೆಲ್ಲ ಸುತ್ತಿತು. ಕಾಲುವೆಯ ಸೇತುವೆಗಳ ಮೇಲೆ ಬಟ್ಟೆಯಲ್ಲಿ ಬರೆದು ತೂಗುಹಾಕಿದರು. ಅಂಗಿಗಳ ಮೇಲೆ ಅಚ್ಚಾಯಿತು. ನಿರ್ದೇಶಕರು ಯಾವುದೋ ಸಮಾರಂಭಕ್ಕೆ ಹೋದರೆ ಸ್ವಾಗತಿಸಿದವರು "ಈಜಲು ಬಂದಿಲ್ಲ ತಾನೇ?" ಎಂದು ಕೇಳಿದರಂತೆ. ನಮ್ಮ ಸೋಪು ಕೊಳ್ಳುವ ಆಸ್ಪತ್ರೆಗಳು ಕಾಲುವೆಯ ಬಗ್ಗೆ ವಿಚಾರಿಸಲಾರಂಭಿಸಿದವು.

"ತಾತ್ವಿಕವಾಗಿ ನಾವು ಗೆದ್ದೆವು" ಎಂದರು ರೂಡ್. ಅದನ್ನು ಅವರು ನನಗೆ ಹೇಳಿದ್ದು ನಾನು ಕೆಲಸಕ್ಕೆ ಮರಳಿದ ದಿನ. ಕ್ರಮವನ್ನು ಹಿಂತೆಗೆದುಕೊಳ್ಳಲಾಗಿದೆ ಎಂದು ಒಂದು ಸಾಲಿನ ಇಮೇಲ್ ಬಂದಿತ್ತು. ಲ್ಯಾಪ್‌ಟಾಪಿನ ಜೊತೆ ರೂಡ್ ಒಂದು ಉಡುಗೊರೆ ಪೆಟ್ಟಿಗೆಯನ್ನೂ ಕಳಿಸಿದ್ದರು. ಸದಾನಂದರು ಆಸೆಯಿಂದ ಬಿಚ್ಚಿದರು. ಒಳಗಿದ್ದದ್ದು ಸೋಪು.

ಅಪರಾಧ ಪ್ರಕರಣ ವಿಚಾರಣೆಗೆ ಬರುವಷ್ಟರಲ್ಲಿ ಜನರ ಮಾಸ್ಕು ಗಲ್ಲಕ್ಕೆ ಇಳಿದಿತ್ತು. ನೊಂದವಳ ಪಟ್ಟ ನನ್ನದು. ಪರಿಹಾರ ಕೇಳುವ ಹಕ್ಕೂ ಇತ್ತು. ವಿಚಾರಣೆಗೆ ಮೊದಲು ನಮ್ಮ ವಕೀಲರು ಫೋನ್ ಮಾಡಿ, "ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ ಎಂದೆಲ್ಲ ಹೇಳಿದರೆ ಒಳ್ಳೆಯದು. ನಾನೊಂದು ಕರಡು ಕಳಿಸಲೇ?" ಎಂದರು. ಅವರ ಕರಡಿನ ಸಾಮರ್ಥ್ಯವನ್ನು ದೇಶವೇ ನೋಡಿತ್ತು. ಬೇಡ ಎಂದೆ.

"ಎಂತ ಹೇಳ್ತಿ ಮತ್ತೆ?" ಎಂದರು ಸದಾನಂದರು ರೈಲಿನಲ್ಲಿ.

"ಗೊತ್ತಿಲ್ಲ. ಆದದ್ದು ಹೇಳ್ತೇನೆ."

ಈ ಸಲ ನ್ಯಾಯಾಧೀಶೆ ಹೆಂಗಸು. ನೀವು ಪರಿಹಾರ ಕೇಳಿಲ್ಲ, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಎದ್ದು ನಿಂತೆ. ಇಷ್ಟು ವರ್ಷ ಕಂಪನಿಯ ಪರವಾಗಿ ಮಾತಾಡಿದವಳು ನನ್ನ ಪರವಾಗಿ ಮಾತಾಡುವುದು ಅದೇ ಮೊದಲು.

"ಇವರು ನನ್ನ ಹೆಸರು ಹಾಕಿದ್ದಕ್ಕೆ ನನ್ನನ್ನು ಕೆಲಸದಿಂದ ದೂರ ಇಟ್ಟರು. ಮಗಳೆದುರು ನಾಚಿಕೆಯಾಯಿತು. ಊರಿನವರಿಗೆ ಸುಳ್ಳು ಹೇಳಿದೆ. ಹೋರಾಟ ಮಾಡುವವರಿಗೆ ದೊಡ್ಡ ಕಂಪನಿ ಕಾಣುತ್ತದೆ, ಅದರಲ್ಲಿ ಫೋನ್ ಎತ್ತುವವಳು ಕಾಣುವುದಿಲ್ಲ. ಅದು ನನಗೆ ನೋವಾಗಿದೆ, ಅದನ್ನು ಅವರು ತಿಳಿಯಬೇಕು." ಒಂದು ಗುಟುಕು ನೀರು ಕುಡಿದೆ. "ಆದರೆ ನನ್ನ ಮೇಲೆ ಸಂಶಯಪಟ್ಟವರು ಇವರಲ್ಲ. ನನ್ನನ್ನು ನಂಬಬಹುದಾಗಿದ್ದವರು ಬೇರೆ ಇದ್ದರು. ಇವರು ನಿಂತು ನಿಜ ಹೇಳಿದರು. ಅದಕ್ಕೆ ಇವರಿಗೆ ಶಿಕ್ಷೆ ಹೆಚ್ಚಾಗುವುದಾದರೆ ನನಗೆ ಅದು ಬೇಡ."

ನಮ್ಮ ವಕೀಲರು ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಬಹಳ ಹೊತ್ತು ಹುಡುಕಿದರು.

ಮಾರ್ಯೋಲೈನಳಿಗೆ ಕೊನೆಯ ಮಾತಿನ ಅವಕಾಶ ಸಿಕ್ಕಾಗ ಅವಳು ನ್ಯಾಯಾಧೀಶೆಯನ್ನು ನೋಡಲಿಲ್ಲ. "ಕಂಪನಿಯ ಕ್ಷಮೆ ಕೇಳುವುದಿಲ್ಲ. ವಾರಿಜಾ ಅವರ ಕ್ಷಮೆ ಕೇಳುತ್ತೇನೆ" ಎಂದು ಕುಳಿತಳು. ಆ ಇಡೀ ಗಲಾಟೆಯಲ್ಲಿ ನನ್ನ ಕ್ಷಮೆ ಕೇಳಿದವಳು ಅವಳೊಬ್ಬಳೇ.

ಜೈಲಾಗಲಿಲ್ಲ. ಸಮಾಜಸೇವೆಯ ಶಿಕ್ಷೆಯಾಯಿತು: ವೃದ್ಧರ ಆರೈಕೆ ಮನೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ಅಲ್ಲಿ ಬಳಸುತ್ತಿದ್ದದ್ದು ನಮ್ಮದೇ ಸೋಪು; ನೊರೆ ಚೆನ್ನಾಗಿ ಬರುತ್ತದೆ ಎಂದು ಆಮೇಲೆ ನನಗೆ ಹೇಳಿದಳು. ನಿಜವಾದ ಪೆಟ್ಟು ಬೇರೆ ಕಡೆ ಬಿತ್ತು. ಶಿಕ್ಷೆಯಾದವರಿಗೆ ನಡತೆಯ ಪ್ರಮಾಣಪತ್ರ ಸುಲಭವಾಗಿ ಸಿಗುವುದಿಲ್ಲ. ಅದಿಲ್ಲದವರಿಗೆ ಪಠ್ಯಪುಸ್ತಕ ಕೊಡಲಾಗದೆಂದು ಪ್ರಕಾಶಕರು ಕೈಬಿಟ್ಟರು. ಅವಳು ಅಡುಗೆ ಪುಸ್ತಕ, ತೋಟಗಾರಿಕೆ ಪುಸ್ತಕಗಳ ಕರಡು ತಿದ್ದುತ್ತ ಕಾಲ ತಳ್ಳಿದಳು. ಅವಳನ್ನು ಹುತಾತ್ಮಳೆಂದು ಯಾರಾದರೂ ಕರೆದರೆ ರೇಗುತ್ತಿದ್ದಳು.

ಕೊಳವೆಯ ಹಳೆಯ ಪರವಾನಗಿಯ ಅವಧಿ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ನೀರಿನ ಇಲಾಖೆ ಹೊಸ ಷರತ್ತು ಹಾಕಿತು, ಆಸ್ಪತ್ರೆಗಳ ಪ್ರಶ್ನೆಗಳೂ ನಿಂತಿರಲಿಲ್ಲ. ನಾನು ನಿವೃತ್ತಳಾಗುವ ವರ್ಷ, ತೊಳೆನೀರನ್ನು ಶುದ್ಧೀಕರಿಸುವ ಘಟಕ ಕಟ್ಟಿ ಕಾಲುವೆಗೆ ಬಿಡುವುದನ್ನು ನಿಲ್ಲಿಸುವುದೆಂದು ಕಂಪನಿ ತೀರ್ಮಾನಿಸಿತು. ಪ್ರಕಟಣೆ ಬರೆಯುವ ಕೆಲಸ ನನಗೇ ಬಂತು. ರೂಡ್ ಎರಡು ವಿಶೇಷಣ ಹೊಡೆದುಹಾಕಿ, ಈಜುವ ವಿಷಯ ಎಲ್ಲಿಯೂ ಇಲ್ಲವೆಂದು ಖಚಿತಪಡಿಸಿಕೊಂಡು, ಒಪ್ಪಿಗೆ ಕೊಟ್ಟರು. ನನ್ನ ಹೆಸರು, ನಂಬರು ಹಾಕಿ ಎಲ್ಲ ಪತ್ರಿಕೆಗಳಿಗೂ ಕಳಿಸಿದೆ.

ಒಬ್ಬರೂ ಫೋನ್ ಮಾಡಲಿಲ್ಲ.

ಮಧ್ಯಾಹ್ನ ನಾನೇ ಯೂಪ್‌ನಿಗೆ ಮಾಡಿದೆ. "ಪ್ರಕಟಣೆ ಸಿಕ್ಕಿತಾ?"

"ಸಿಕ್ಕಿತು, ಸಿಕ್ಕಿತು" ಎಂದು ನಕ್ಕ. "ಈ ಸಲ ನಾನು ಬೀಳುವುದಿಲ್ಲ, ಮೇಡಂ. ಕಳೆದ ಸಲ ಸಂಪಾದಕರು ನನ್ನನ್ನು ಸುಮ್ಮನೆ ಬಿಟ್ಟಿರಲಿಲ್ಲ."

"ಯೂಪ್, ಇದು ನಿಜ. ನಾನು ವಾರಿಜಾ."

"ಅದೇ ಹೆಸರು ಆಗಲೂ ಇತ್ತು."

"ನನ್ನ ಧ್ವನಿ ಗೊತ್ತಲ್ಲ ನಿನಗೆ?"

"ಗೊತ್ತು. ಆದರೆ ನೀವು ಹೇಳಿದಿರಿ ಎಂದು ಬರೆದರೆ ಸಂಪಾದಕರು ಒಪ್ಪಬೇಕಲ್ಲ. ಕಂಪನಿಯ ಹೊರಗಿನವರು ಯಾರಾದರೂ ಹೇಳಿದರೆ ನೋಡೋಣ" ಎಂದು ಇಟ್ಟುಬಿಟ್ಟ.

ರೂಡ್‌ರಿಗೆ ತಿಳಿಸಿದೆ. ಅವರು ಪ್ರಕಟಣೆಯನ್ನು ಇನ್ನೊಮ್ಮೆ ತೆರೆದು, ಈಜುವ ವಿಷಯ ಇಲ್ಲವೆಂದು ಮತ್ತೆ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಪತ್ರಿಕೆ ಬಂತು. ಮೊದಲ ಪುಟದಲ್ಲಿ ದೋಣಿಮನೆಯ ಮುಂದೆ ಕೈಕಟ್ಟಿ ನಿಂತ ಮಾರ್ಯೋಲೈನಳ ದೊಡ್ಡ ಚಿತ್ರ. ಯೂಪ್ ಅವಳಿಗೇ ಫೋನ್ ಮಾಡಿ 'ಇದೂ ನಿಮ್ಮದೇನಾ?' ಎಂದು ಕೇಳಿದ್ದನಂತೆ. ಅವಳು ಕಾರ್ಖಾನೆಯ ಹತ್ತಿರ ಹೋಗಿ, ಅಡಿಪಾಯದ ಗುಂಡಿ ತೋಡುತ್ತಿದ್ದುದನ್ನು ಕಣ್ಣಾರೆ ನೋಡಿ ಬಂದು ಉತ್ತರಿಸಿದ್ದಳಂತೆ. ಶೀರ್ಷಿಕೆ ಓದಿ ನಾನು ನಕ್ಕ ಜೋರಿಗೆ ಸದಾನಂದರು ಒಲೆ ಆರಿಸಿ ಓಡಿಬಂದರು.

"ಎಂತ ಆಯ್ತು? ಎಂತ ಬರೆದಿದ್ದಾರೆ?"

ಪತ್ರಿಕೆಯನ್ನು ಅವರ ಮುಂದೆ ಹಿಡಿದೆ. 'ಈ ಸಲ ನಾನಲ್ಲ,' ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ: 'ಕಂಪನಿ ಹೇಳುತ್ತಿರುವುದು ನಿಜ, ಕಾರ್ಯಕರ್ತೆಯ ದೃಢೀಕರಣ.'